ಫೋರ್ತ್ (ಪ್ರೋಗ್ರಾಮಿಂಗ್ ಭಾಷೆ)

ಫೋರ್ತ್ ಎಂಬುದು ಅಮೆರಿಕದ ಪ್ರೋಗ್ರಾಮರ್ ಚಾರ್ಲ್ಸ್ ಎಚ್. ಮೂರ್ ಅವರು ರೂಪಿಸಿದ, ಸ್ಟ್ಯಾಕ್ ಆಧಾರಿತ ಪ್ರೋಗ್ರಾಮಿಂಗ್ ಭಾಷೆಯಾಗಿದೆ. 1960ರ ದಶಕದಲ್ಲಿ ಮೂರ್ ಅವರ ಸ್ವಂತ ಕೆಲಸದ ಉಪಕರಣವಾಗಿ ಬೆಳೆದ ಇದು 1971ರ ಹೊತ್ತಿಗೆ ಸ್ವತಂತ್ರ ಭಾಷೆಯ ರೂಪವನ್ನು ಪಡೆಯಿತು. ಇದನ್ನು ಬೆಳೆಸುವ ಹೊಣೆಯನ್ನು ಯಾವ ದೊಡ್ಡ ಕಂಪನಿಯೂ ಹೊತ್ತುಕೊಳ್ಳಲಿಲ್ಲ. ಅರ್ಧ ಶತಮಾನದ ನಂತರವೂ ಭಾಷೆ ಉಳಿದಿರುವುದಕ್ಕೆ ಬಹುಮಟ್ಟಿಗೆ ಹವ್ಯಾಸಿ ಪ್ರೋಗ್ರಾಮರುಗಳ ನಿಷ್ಠೆಯೇ ಕಾರಣ. ಒಬ್ಬನೇ ವ್ಯಕ್ತಿ ಪೂರ್ತಿಯಾಗಿ ಅರ್ಥಮಾಡಿಕೊಂಡು ತಾನೇ ಮೊದಲಿನಿಂದ ಕಟ್ಟಿಕೊಳ್ಳಬಹುದಾದಷ್ಟು ಫೋರ್ತ್ ಚಿಕ್ಕದು. ಅಭಿಮಾನಿಗಳನ್ನು ಸೆಳೆಯುವುದು ಈ ಗುಣವೇ. ಅವರು ಒಂದೇ ಭಾಷೆಯ ಸುತ್ತ ಒಗ್ಗೂಡದಂತೆ ಮಾಡಿರುವುದೂ ಇದೇ.

ಹುಟ್ಟು ಮತ್ತು ಹೆಸರು

ಮೂರ್ ಅವರು ಒಂದು ಕೆಲಸದಿಂದ ಇನ್ನೊಂದಕ್ಕೆ, ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ತಮ್ಮದೇ ಆದ ಕೆಲವು ಪ್ರೋಗ್ರಾಮುಗಳನ್ನು ಜೊತೆಗೆ ಒಯ್ಯುತ್ತಿದ್ದರು. ರತ್ನಗಂಬಳಿ ತಯಾರಿಸುತ್ತಿದ್ದ ಮೊಹಾಸ್ಕೊ ಸಂಸ್ಥೆಯಲ್ಲಿ ಐಬಿಎಂ 1130 ಕಂಪ್ಯೂಟರಿನ ಮೇಲೆ ದುಡಿಯುತ್ತಿದ್ದಾಗ ಈ ಸಂಗ್ರಹಕ್ಕೆ ಹೆಸರು ಬಂದಿತು. ನಾಲ್ಕನೆಯ ತಲೆಮಾರಿನ ತಂತ್ರಾಂಶವೆಂಬ ಅರ್ಥದಲ್ಲಿ ಅದನ್ನು ಇಂಗ್ಲಿಷಿನಲ್ಲಿ 'ನಾಲ್ಕನೆಯದು' ಎಂದು ಕರೆಯಬೇಕೆಂಬುದು ಅವರ ಇಚ್ಛೆಯಾಗಿತ್ತು. ಆದರೆ ಆ ಯಂತ್ರವು ಕಡತದ ಹೆಸರಿಗೆ ಐದು ಅಕ್ಷರಗಳನ್ನು ಮಾತ್ರ ಒಪ್ಪುತ್ತಿದ್ದುದರಿಂದ ಆರಕ್ಷರದ ಪದದಿಂದ ಒಂದನ್ನು ಕೈಬಿಡಬೇಕಾಯಿತು. ಹೀಗೆ ಉಳಿದ ಐದು ಅಕ್ಷರಗಳಿಗೆ ಇಂಗ್ಲಿಷಿನಲ್ಲಿ 'ಮುಂದಕ್ಕೆ' ಎಂಬ ಅರ್ಥವಿರುವುದು ಕೇವಲ ಆಕಸ್ಮಿಕ.

ಬಳಿಕ ಮೂರ್ ಅಮೆರಿಕದ ರಾಷ್ಟ್ರೀಯ ರೇಡಿಯೋ ಖಗೋಳ ವೀಕ್ಷಣಾಲಯವನ್ನು ಸೇರಿದರು. ಅರಿಜೋನಾದ ಕಿಟ್ ಪೀಕ್ ಬೆಟ್ಟದ ಮೇಲಿನ 11 ಮೀಟರ್ ವ್ಯಾಸದ ರೇಡಿಯೋ ದೂರದರ್ಶಕವನ್ನು ನಡೆಸಲು, ಅದು ದಾಖಲಿಸಿದ ಮಾಹಿತಿಯನ್ನು ಸ್ಥಳದಲ್ಲೇ ನೋಡಲು ಫೋರ್ತ್ ಬಳಕೆಗೆ ಬಂದಿತು. ಆ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಎಲಿಜಬೆತ್ ರಾದರ್ ಅವರನ್ನು ಮೂರ್ ನಂತರದ ಎರಡನೆಯ ಫೋರ್ತ್ ಪ್ರೋಗ್ರಾಮರ್ ಎಂದು ಗುರುತಿಸಲಾಗುತ್ತದೆ. 1973ರಲ್ಲಿ ಇವರಿಬ್ಬರೂ ಸೇರಿ ಫೋರ್ತ್ ಇಂಕ್ ಎಂಬ ಚಿಕ್ಕ ಕಂಪನಿಯನ್ನು ಸ್ಥಾಪಿಸಿದರು.

ಭಾಷೆಯ ಸ್ವರೂಪ

ಫೋರ್ತ್‌ನಲ್ಲಿ ಮುಖ್ಯವಾದವು ಎರಡು: ಸ್ಟ್ಯಾಕ್ ಮತ್ತು ನಿಘಂಟು. ಸ್ಟ್ಯಾಕ್ ಎಂದರೆ ಊಟದ ತಟ್ಟೆಗಳನ್ನು ಪೇರಿಸಿಟ್ಟ ಅಟ್ಟಿಯಂತೆ. ಕೊನೆಯಲ್ಲಿ ಇಟ್ಟದ್ದನ್ನು ಮೊದಲು ತೆಗೆಯಬೇಕು. ಸಂಖ್ಯೆಯನ್ನು ಬರೆದರೆ ಅದು ಅಟ್ಟಿಯ ಮೇಲೆ ಕೂರುತ್ತದೆ. ಪದವನ್ನು ಬರೆದರೆ ವ್ಯವಸ್ಥೆಯು ಅದನ್ನು ನಿಘಂಟಿನಲ್ಲಿ ಹುಡುಕಿ, ಅದಕ್ಕೆ ಹೇಳಿದ ಕೆಲಸವನ್ನು ಮಾಡುತ್ತದೆ. ಎರಡು ಮತ್ತು ಮೂರನ್ನು ಕೂಡಬೇಕಾದರೆ 2 3 + ಎಂದು ಬರೆಯಬೇಕು. ಕ್ರಿಯೆ ಕೊನೆಯಲ್ಲಿ ಬರುವ ಈ ಕ್ರಮ ಇಂಗ್ಲಿಷ್ ಮಾತನಾಡುವವರಿಗೆ ತಲೆಕೆಳಗಾಗಿ ತೋರುವುದುಂಟು. 'ಎರಡಕ್ಕೆ ಮೂರನ್ನು ಕೂಡಿಸು' ಎನ್ನುವ ಕನ್ನಡಿಗರಿಗೆ ಅದು ಅಷ್ಟೊಂದು ವಿಚಿತ್ರವಲ್ಲ.

ಹೊಸ ಪದವನ್ನು ಸೃಷ್ಟಿಸಲು ವಿವರಣೆಯನ್ನು ವಿಸರ್ಗದಂತೆ ಕಾಣುವ ಕೋಲನ್ ಚಿಹ್ನೆಯಿಂದ ಆರಂಭಿಸಿ ಅರ್ಧವಿರಾಮದಿಂದ ಮುಗಿಸಬೇಕು. ಪದದ ಹೆಸರಿನಲ್ಲಿ ಖಾಲಿ ಜಾಗವೊಂದನ್ನು ಬಿಟ್ಟು ಬೇರೆ ಯಾವ ಚಿಹ್ನೆಯಾದರೂ ಇರಬಹುದು. ಆದ್ದರಿಂದ ಯುನಿಕೋಡ್ ಅನ್ನು ಬಲ್ಲ ವ್ಯವಸ್ಥೆಗಳಲ್ಲಿ ಕನ್ನಡದ ಹೆಸರುಗಳನ್ನೂ ಇಡಬಹುದು:

: ವರ್ಗ ಡಪ್ * ;
5 ವರ್ಗ .

ಇಲ್ಲಿ ಡಪ್ ಎಂಬುದು (ಕನ್ನಡ ಲಿಪಿಯಲ್ಲಿ ಕೊಡಲಾಗಿದೆ) ಅಟ್ಟಿಯ ಮೇಲಿನ ಸಂಖ್ಯೆಯ ನಕಲೊಂದನ್ನು ಇಡುವ ಮೂಲ ಪದ. ನಂತರದ ನಕ್ಷತ್ರ ಚಿಹ್ನೆ ಮೇಲಿನ ಎರಡು ಸಂಖ್ಯೆಗಳನ್ನು ಗುಣಿಸುತ್ತದೆ. ಎರಡನೆಯ ಸಾಲಿನ ಚುಕ್ಕೆಯೂ ಒಂದು ಪದವೇ. ಅದು ಉತ್ತರವನ್ನು ಮುದ್ರಿಸುತ್ತದೆ. ಕಂಪ್ಯೂಟರು 25 ಎಂದು ತೋರಿಸಿ, ಪಕ್ಕದಲ್ಲೇ 'ಓಕೆ' ಎಂದು ಉತ್ತರಿಸುತ್ತದೆ. ಈ ಓಕೆ ಎಂಬ ಉತ್ತರವು ಫೋರ್ತ್‌ನ ಗುರುತೇ ಆಗಿಬಿಟ್ಟಿದೆ.

ಹೀಗೆ ಹೊಸದಾಗಿ ಸೇರಿಸಿದ ಪದಕ್ಕೂ ಮೊದಲೇ ಇದ್ದ ಪದಕ್ಕೂ ಯಾವ ಭೇದವೂ ಇರುವುದಿಲ್ಲ. ಬೇರೆ ಭಾಷೆಗಳಲ್ಲಿ ವ್ಯಾಕರಣದ ಭಾಗವಾಗಿರುವ ಷರತ್ತು, ಆವರ್ತನೆ ಮುಂತಾದವೂ ಇಲ್ಲಿ ಸಾಮಾನ್ಯ ಪದಗಳೇ. ಬೇಕೆನಿಸಿದರೆ ಬಳಕೆದಾರನು ಅವುಗಳನ್ನು ತಿದ್ದಬಹುದು, ತನ್ನದೇ ಹೊಸ ಬಗೆಯ ಆವರ್ತನೆಯನ್ನೂ ರಚಿಸಬಹುದು. ಭಾಷೆಯನ್ನು ಮಾಡಿದವನು ಮತ್ತು ಬಳಸುವವನು ಎಂಬ ಗಡಿಯೇ ಇಲ್ಲಿ ಅಳಿಸಿಹೋಗುತ್ತದೆ. ಇನ್ನು ಗಾತ್ರದ ವಿಷಯ: 1990ರಲ್ಲಿ ಬಂದ ಇ-ಫೋರ್ತ್ ಕೇವಲ 31 ಮೂಲ ಪದಗಳನ್ನು ಯಂತ್ರಭಾಷೆಯಲ್ಲಿ ಬರೆದು, ಉಳಿದೆಲ್ಲವನ್ನೂ ಅವುಗಳ ಮೇಲೆಯೇ ಕಟ್ಟಿತು.

ಹವ್ಯಾಸಿಗಳ ಕೈಗೆ

1970ರ ದಶಕದ ಕೊನೆಯಲ್ಲಿ ಮೈಕ್ರೊಕಂಪ್ಯೂಟರುಗಳು ಮನೆಗಳಿಗೆ ಬಂದವು. ಅವುಗಳ ಸ್ಮರಣೆ ಕೆಲವೇ ಕಿಲೋಬೈಟುಗಳಷ್ಟಿತ್ತು. 1978ರಲ್ಲಿ ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯ ಕೆಲವು ಉತ್ಸಾಹಿಗಳು ಫೋರ್ತ್ ಇಂಟರೆಸ್ಟ್ ಗ್ರೂಪ್ ಎಂಬ ಕೂಟವನ್ನು ಕಟ್ಟಿಕೊಂಡರು. ವಿಲಿಯಂ ರ‍್ಯಾಗ್ಸ್‌ಡೇಲ್ ಇದರ ಪ್ರಮುಖರಲ್ಲಿ ಒಬ್ಬರು. ಕೂಟವು ಫಿಗ್-ಫೋರ್ತ್ ಎಂಬ ಮಾದರಿಯೊಂದನ್ನು ಸಿದ್ಧಪಡಿಸಿ 6502, 8080, 6800 ಮೊದಲಾದ ಪ್ರೊಸೆಸರುಗಳಿಗೆ ಹೊಂದಿಸಿತು. ಅದರ ಪೂರ್ಣ ಮೂಲಪಠ್ಯವನ್ನು ಯಾವ ಹಕ್ಕನ್ನೂ ಕಾಯ್ದಿರಿಸದೆ ಮುದ್ರಿಸಿ ಹಂಚಿತು. ತರಿಸಿಕೊಂಡವರು ಆ ಹಾಳೆಗಳನ್ನು ನೋಡಿ ಪುಟಗಟ್ಟಲೆ ಸಂಕೇತಗಳನ್ನು ಕೈಯಾರೆ ಟೈಪು ಮಾಡಬೇಕಾಗಿತ್ತು. ಒಂದು ಅಕ್ಷರ ತಪ್ಪಿದರೂ ವ್ಯವಸ್ಥೆ ಏಳುತ್ತಿರಲಿಲ್ಲ. ಆದರೆ ಕೆಲಸ ಮುಗಿಯುವಷ್ಟರಲ್ಲಿ ಭಾಷೆಯ ಪ್ರತಿಯೊಂದು ಭಾಗವೂ ಅವರ ಕಣ್ಣ ಮುಂದೆ ಹಾದುಹೋಗಿರುತ್ತಿತ್ತು. ಅಂಗಡಿಯಿಂದ ತಂದ ಬೇಸಿಕ್ ಭಾಷೆ ಇಂಥ ಪರಿಚಯವನ್ನು ಕೊಡುತ್ತಿರಲಿಲ್ಲ.

ಕೂಟದ ಪತ್ರಿಕೆ 'ಫೋರ್ತ್ ಡೈಮೆನ್ಶನ್ಸ್' 1978ರಿಂದ ಸುಮಾರು ಎರಡು ದಶಕಗಳ ಕಾಲ ನಡೆಯಿತು. 'ಬೈಟ್' ಪತ್ರಿಕೆಯು 1980ರ ಆಗಸ್ಟ್ ಸಂಚಿಕೆಯನ್ನು ಈ ಭಾಷೆಗೆ ಮೀಸಲಿಟ್ಟಿತು. ಮರುವರ್ಷ ಲಿಯೋ ಬ್ರೋಡಿ ಅವರ 'ಸ್ಟಾರ್ಟಿಂಗ್ ಫೋರ್ತ್' ಪ್ರಕಟವಾಯಿತು. ಪದಗಳನ್ನೆಲ್ಲ ಪುಟ್ಟ ಪಾತ್ರಗಳಾಗಿ ವ್ಯಂಗ್ಯಚಿತ್ರಗಳಲ್ಲಿ ತೋರಿಸುವ ಆ ಪುಸ್ತಕ ಇಂದಿಗೂ ಕಲಿಯುವವರ ಮೊದಲ ಆಯ್ಕೆಗಳಲ್ಲೊಂದು. 1982ರಲ್ಲಿ ಬ್ರಿಟನ್ನಿನಲ್ಲಿ ಬೇಸಿಕ್ ಬದಲಿಗೆ ಫೋರ್ತ್ ಅನ್ನೇ ಅಳವಡಿಸಿಕೊಂಡ ಜೂಪಿಟರ್ ಏಸ್ ಎಂಬ ಗೃಹ ಕಂಪ್ಯೂಟರು ಮಾರುಕಟ್ಟೆಗೆ ಬಂದಿತು. ಅದು ಹೆಚ್ಚು ಕಾಲ ಬಾಳಲಿಲ್ಲ.

ಮಾನಕಗಳ ಕಲಹ

ಪ್ರತಿಯೊಬ್ಬನೂ ತನ್ನ ಫೋರ್ತ್ ಅನ್ನು ತಾನೇ ಕಟ್ಟಿಕೊಳ್ಳಬಹುದಾದರೆ, ಒಬ್ಬನ ಪ್ರೋಗ್ರಾಮು ಇನ್ನೊಬ್ಬನ ಯಂತ್ರದಲ್ಲಿ ನಡೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ಫೋರ್ತ್-79 ಮತ್ತು ಫೋರ್ತ್-83 ಎಂಬ ಮಾನಕಗಳು ರೂಪುಗೊಂಡವು. ಎರಡನೆಯದು ಸಮುದಾಯವನ್ನು ಒಗ್ಗೂಡಿಸುವ ಬದಲು ಒಡೆಯಿತು ಎಂದರೆ ತಪ್ಪಾಗದು.

ಫೋರ್ತ್-79ರಲ್ಲಿ 'ನಿಜ' ಎಂಬುದನ್ನು 1 ಸೂಚಿಸುತ್ತಿತ್ತು; ಫೋರ್ತ್-83ರಲ್ಲಿ ಅದು -1 ಆಯಿತು. ಮೊದಲು -7 ಅನ್ನು 2ರಿಂದ ಭಾಗಿಸಿದರೆ ಭಾಗಲಬ್ಧ -3, ಶೇಷ -1 ಬರುತ್ತಿತ್ತು. ಹೊಸ ನಿಯಮದಂತೆ ಭಾಗಲಬ್ಧ -4, ಶೇಷ 1. ಅಟ್ಟಿಯೊಳಗಿನ ಸಂಖ್ಯೆಗಳನ್ನು ಒಂದರಿಂದ ಎಣಿಸುತ್ತಿದ್ದ ಪದಗಳು ಸೊನ್ನೆಯಿಂದ ಎಣಿಸತೊಡಗಿದವು. ಗಣಿತದ ದೃಷ್ಟಿಯಿಂದ ಇವುಗಳಲ್ಲಿ ಹಲವು ಬದಲಾವಣೆಗಳು ಸಮರ್ಥನೀಯವೇ. ಪದಗಳ ಹೆಸರು ಮಾತ್ರ ಹಾಗೆಯೇ ಉಳಿದು ಅರ್ಥ ಬದಲಾದದ್ದು ತೊಂದರೆಗೆ ಮೂಲವಾಯಿತು. ಹಳೆಯ ಪ್ರೋಗ್ರಾಮು ದೋಷವನ್ನು ವರದಿ ಮಾಡದೆ ಓಡುತ್ತಿತ್ತು, ತಪ್ಪು ಉತ್ತರವನ್ನು ಕೊಡುತ್ತಿತ್ತು. ಅನೇಕರು ಫಿಗ್-ಫೋರ್ತ್ ಅಥವಾ ಫೋರ್ತ್-79ರಲ್ಲೇ ಉಳಿದರು. ಸಿ ಭಾಷೆ ವೇಗವಾಗಿ ಹರಡುತ್ತಿದ್ದ ಹೊತ್ತಿನಲ್ಲಿ ಈ ಒಡಕು ದುಬಾರಿಯಾಯಿತು.

1994ರ ಅಮೆರಿಕನ್ ರಾಷ್ಟ್ರೀಯ ಮಾನಕವು ಎರಡು ಬಗೆಯ ಭಾಗಾಕಾರಕ್ಕೂ ಅವಕಾಶ ಕೊಟ್ಟು, ವಿವಾದಿತ ಪದಗಳಿಗೆ ಬದಲಾಗಿ ಹೊಸ ಹೆಸರುಗಳನ್ನು ತಂದು ರಾಜಿ ಮಾಡಿಸಿತು. ಇದೇ 1997ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ಆದರೂ 'ಒಂದು ಫೋರ್ತ್ ನೋಡಿದರೆ ಒಂದೇ ಫೋರ್ತ್ ನೋಡಿದಂತೆ' ಎಂಬ ಹಾಸ್ಯದ ಮಾತು ಬಳಕೆದಾರರಲ್ಲಿ ಇನ್ನೂ ಚಾಲ್ತಿಯಲ್ಲಿದೆ.

ಭಾಷೆಯ ಜನಕನೇ ಮಾನಕಗಳ ಪಕ್ಷದಲ್ಲಿರಲಿಲ್ಲ. ಅಗತ್ಯವಿಲ್ಲದ್ದನ್ನು ಕಿತ್ತುಹಾಕುತ್ತ, ಪ್ರತಿಯೊಂದು ಸಮಸ್ಯೆಗೂ ಭಾಷೆಯನ್ನು ಹೊಸದಾಗಿ ಬರೆಯುವುದು ಮೂರ್ ಅವರ ರೂಢಿ. ಫೋರ್ತ್ ಆದೇಶಗಳನ್ನು ನೇರವಾಗಿ ನಡೆಸುವ ಚಿಪ್‌ಗಳ ವಿನ್ಯಾಸದತ್ತ ಅವರು ಹೊರಳಿದರು. ವಿನ್ಯಾಸದ ತಂತ್ರಾಂಶವನ್ನೂ ತಾವೇ ಬರೆದುಕೊಂಡರು. ಅವರ ಕಲರ್‌ಫೋರ್ತ್‌ನಲ್ಲಿ ಬಣ್ಣವೇ ವ್ಯಾಕರಣ: ಕೆಂಪು ಬಣ್ಣದ್ದು ಹೊಸ ಪದದ ಹೆಸರು, ಹಸಿರು ಅದರ ವಿವರಣೆ, ಹಳದಿಯದ್ದು ಆಗಲೇ ನಡೆಯಬೇಕಾದ ಆದೇಶ. ನಂತರ ವಿನ್ಯಾಸಗೊಳಿಸಿದ ಜಿಎ144 ಚಿಪ್‌ನಲ್ಲಿ 144 ಪುಟ್ಟ ಕಂಪ್ಯೂಟರುಗಳಿದ್ದು, ಪ್ರತಿಯೊಂದರ ಬರೆಯಬಲ್ಲ ಸ್ಮರಣೆಯಲ್ಲಿ 64 ಸ್ಥಾನಗಳು ಮಾತ್ರ ಇವೆ. ಮೂರ್ ಅವರನ್ನು ಅತ್ಯಂತ ಗೌರವದಿಂದ ಕಾಣುವ ಅಭಿಮಾನಿಗಳಲ್ಲೂ ಅವರನ್ನು ಇಲ್ಲಿಯವರೆಗೆ ಹಿಂಬಾಲಿಸಿದವರು ಕೆಲವರೇ.

ಕಾಣದ ಬಳಕೆಗಳು

ಹೆಸರು ಗೊತ್ತಿಲ್ಲದೆಯೇ ಫೋರ್ತ್ ಬಳಸಿದವರು ಬಹಳ. ಸನ್ ಕಂಪನಿಯ ಕಂಪ್ಯೂಟರುಗಳಲ್ಲಿ, ಪವರ್‌ಪಿಸಿ ಕಾಲದ ಆಪಲ್ ಮ್ಯಾಕಿಂಟಾಷ್‌ಗಳಲ್ಲಿ ಯಂತ್ರವನ್ನು ಎಬ್ಬಿಸುತ್ತಿದ್ದ ಓಪನ್ ಫರ್ಮ್‌ವೇರ್ ಈ ಭಾಷೆಯನ್ನೇ ಆಧರಿಸಿತ್ತು. 2014ರ ನವೆಂಬರ್ 12ರಂದು ಧೂಮಕೇತುವಿನ ಮೇಲೆ ಇಳಿದ ಫಿಲೆ ನೌಕೆಯಲ್ಲಿ ಇದ್ದದ್ದು ಫೋರ್ತ್‌ಗೆಂದೇ ರೂಪಿಸಿದ ಆರ್‌ಟಿಎಕ್ಸ್ 2010 ಪ್ರೊಸೆಸರು. ಅದರ ವಂಶ ಮೂರ್ ಅವರ ಚಿಪ್‌ಗೆ ಹೋಗಿ ಸೇರುತ್ತದೆ.

ಇಂದಿನ ಹವ್ಯಾಸಿಗಳು

ಜಿ-ಫೋರ್ತ್ ಎಂಬುದು ಗ್ನೂ ಯೋಜನೆಯ ಮುಕ್ತ ಆವೃತ್ತಿ; ಮಾನಕವನ್ನು ಅನುಸರಿಸಿ ಕಲಿಯಬಯಸುವವರು ಸಾಮಾನ್ಯವಾಗಿ ಇಲ್ಲಿಂದ ಆರಂಭಿಸುತ್ತಾರೆ. ಮೆಕ್ರಿಸ್ಪ್, ಫ್ಲ್ಯಾಶ್‌ಫೋರ್ತ್ ಮುಂತಾದವು ಅಗ್ಗದ ಮೈಕ್ರೊಕಂಟ್ರೋಲರುಗಳ ಒಳಗೇ ಪೂರ್ಣ ಭಾಷೆಯನ್ನು ಇಡುತ್ತವೆ. ಕೇಬಲ್ ಜೋಡಿಸಿ ಒಂದು ಪದ ಬರೆದರೆ ದೀಪ ಹೊತ್ತುತ್ತದೆ, ಚಿಪ್ 'ಓಕೆ' ಎನ್ನುತ್ತದೆ. ಕಮೊಡೋರ್ 64ರಂಥ ಹಳೆಯ ಯಂತ್ರಗಳಿಗೂ ಹೊಸ ಫೋರ್ತ್‌ಗಳು ಬರುತ್ತಲೇ ಇವೆ. 512 ಬೈಟುಗಳ ಬೂಟ್ ಸೆಕ್ಟರಿನೊಳಗೆ ಭಾಷೆಯನ್ನು ಅಡಗಿಸುವುದು ಒಂದು ಪಂದ್ಯದಂತೆಯೇ ಆಗಿದೆ. ಕೊಲ್ಯಾಪ್ಸ್ ಓಎಸ್ ಎಂಬ ಯೋಜನೆ, ಕೈಗಾರಿಕಾ ನಾಗರಿಕತೆ ಕುಸಿದ ಮೇಲೆ ಗುಜರಿಯ ಬಿಡಿಭಾಗಗಳಿಂದ ಕಂಪ್ಯೂಟರನ್ನು ಎಬ್ಬಿಸಬೇಕಾದ ದಿನಕ್ಕೆಂದು ಫೋರ್ತ್ ಅನ್ನು ಆರಿಸಿಕೊಂಡಿದೆ. ಅಂಥ ದಿನ ಬರುತ್ತದೆಂದು ನಂಬದವರೂ ಅದರ ಮೂಲಪಠ್ಯವನ್ನು ಓದಿ ಕಲಿಯಬಹುದು.

ತಾನೇ ಒಂದು ಫೋರ್ತ್ ಬರೆಯುವುದು ಈ ಬಳಗದಲ್ಲಿ ಬಹುತೇಕ ದೀಕ್ಷೆಯಂತೆ ನಡೆದುಬಂದಿದೆ. ಸಾಲುಸಾಲಿಗೂ ದೀರ್ಘ ವಿವರಣೆಯಿರುವ ಜೋನ್ಸ್‌ಫೋರ್ತ್ ಇದಕ್ಕೆ ಹೆಸರಾದ ಮಾರ್ಗದರ್ಶಿ. ಹೀಗೆ ಬರೆದವುಗಳಲ್ಲಿ ಹೆಚ್ಚಿನವನ್ನು ಬರೆದವರ ಹೊರತು ಬೇರೆ ಯಾರೂ ಬಳಸುವುದಿಲ್ಲ. ಇನ್ನೊಬ್ಬರ ಪ್ರೋಗ್ರಾಮನ್ನು ಓದುವಾಗ ಅಟ್ಟಿಯಲ್ಲಿ ಯಾವ ಕ್ಷಣದಲ್ಲಿ ಏನಿದೆ ಎಂಬುದನ್ನು ಮನಸ್ಸಿನಲ್ಲೇ ಹಿಡಿದಿಟ್ಟುಕೊಳ್ಳಬೇಕು ಎಂಬ ಆಕ್ಷೇಪ ಹಳೆಯದು, ಸರಿಯಾದದ್ದೂ ಹೌದು. ಪ್ರತಿ ಪದದ ಮುಂದೆ ಅದು ಅಟ್ಟಿಯಿಂದ ಏನನ್ನು ತೆಗೆದು ಏನನ್ನು ಇಡುತ್ತದೆ ಎಂಬುದನ್ನು ಆವರಣದಲ್ಲಿ ಬರೆಯುವ ಪದ್ಧತಿಯು ಈ ಕಷ್ಟವನ್ನು ಸ್ವಲ್ಪಮಟ್ಟಿಗೆ ತಗ್ಗಿಸಿದೆ.