ಹೆಣ್ಣಾಳಿನ ಸಂಬಳ: ನಮ್ಮ ಚೆಕ್‌ರೋಲ್ ಏನು ಹೇಳುತ್ತದೆ?

ಕೊಯ್ಲಿನ ಕಾಲ ಬಂತೆಂದರೆ ಸಂಘದ ಕಚೇರಿಯಲ್ಲಿ ಕೇಳಿಬರುವ ಮಾತು ಒಂದೇ: "ಆಳು ಸಿಗುವುದಿಲ್ಲ." ನವೆಂಬರಿನಿಂದ ಜನವರಿಯವರೆಗೆ ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ, ಅದೇ ಹೊತ್ತಿಗೆ ಅಡಿಕೆ ಕೊನೆ ಇಳಿಸಿ, ಸುಲಿದು, ಬೇಯಿಸುವ ಗಡಿಬಿಡಿ. ಎರಡೂ ಬೆಳೆ ಇಟ್ಟುಕೊಂಡವರ ಪಾಡಂತೂ ಹೇಳತೀರದು. ಆದರೆ ಈ "ಆಳು" ಎಂದರೆ ಯಾರು ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡಬೇಕಾಗಿದೆ. ಮರಗಸಿಗೆ ಹತ್ತುವವನು, ಕೊನೆಗಾರ, ಬೋರ್ಡೋ ಹೊಡೆಯುವವನು ಗಂಡಸರು, ನಿಜ. ಉಳಿದದ್ದು? ಹಣ್ಣು ಕುಯ್ಯುವುದು, ಉದುರು ಹೆಕ್ಕುವುದು, ಕಳೆ ಕೀಳುವುದು, ಚಿಗುರು ತೆಗೆಯುವುದು, ನರ್ಸರಿ ಚೀಲ ತುಂಬುವುದು, ಕಣದಲ್ಲಿ ಕಾಫಿ ಹರಡುವುದು, ಯಂತ್ರ ಬಾರದ ಮನೆಗಳಲ್ಲಿ ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವುದು, ಇವೆಲ್ಲ ಬಹುಮಟ್ಟಿಗೆ ಹೆಂಗಸರ ಕೈಯಲ್ಲೇ ಇವೆ. ನಮಗೆ ಸಿಗದೆ ಹೋಗುತ್ತಿರುವ ಆಳು ಹೆಚ್ಚಾಗಿ ಹೆಣ್ಣಾಳು.

ಹೀಗಿದ್ದರೂ ದಿನಗೂಲಿಯ ಮಾತು ಬಂದಾಗ ಅನೇಕ ಸಣ್ಣ ತೋಟಗಳಲ್ಲಿ ಇಂದಿಗೂ ಎರಡು ದರ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ದಿನಕ್ಕೆ 100 ರೂ. ವ್ಯತ್ಯಾಸವೆಂದೇ ಇಟ್ಟುಕೊಳ್ಳೋಣ. ವರ್ಷಕ್ಕೆ 200 ದಿನ ಬರುವ ಹೆಂಗಸಿಗೆ ಅದು 20,000 ರೂ. ಮಕ್ಕಳ ಓದು, ಮನೆಯ ಹೆಂಚು, ಆಸ್ಪತ್ರೆಯ ಖರ್ಚು ಯಾವುದಕ್ಕಾದರೂ ಒದಗುವ ಹಣ.

"ಗಂಡಸಿನ ಕೆಲಸ ಭಾರದ್ದು" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಭಾರದ ಕೆಲಸಕ್ಕೆ, ಅಪಾಯದ ಕೆಲಸಕ್ಕೆ ಹೆಚ್ಚು ಕೊಡಬಾರದೆಂದು ಯಾರೂ ಹೇಳುವುದಿಲ್ಲ. ಸಿಲ್ವರ್ ಮರ ಹತ್ತಿ ಕೊಂಬೆ ಕಡಿಯುವವನ ದರ ಬೇರೆ ಇರಲಿ. ಆದರೆ ಅದೇ ಮನುಷ್ಯ ಮರುದಿನ ಹೆಂಗಸರ ಸಾಲಿನಲ್ಲೇ ನಿಂತು ಗಿಡಕ್ಕೆ ಗೊಬ್ಬರ ಹಾಕುವಾಗಲೂ ಹೆಚ್ಚಿನ ಸಂಬಳ ಪಡೆಯುತ್ತಾನಲ್ಲ, ಅದು ಯಾವ ಭಾರಕ್ಕೆ? ಬೋರರ್ ಗಿಡ ಹುಡುಕುವ ಕೆಲಸವನ್ನೇ ನೋಡಿ. ಮಾರ್ಚ್‌ನಲ್ಲೂ ಸೆಪ್ಟೆಂಬರ್‌ನಲ್ಲೂ ಅರೇಬಿಕಾ ಗಿಡ ಒಂದೊಂದನ್ನೂ ಸುತ್ತಿ, ಕಾಂಡದ ಮೇಲಿನ ಉಬ್ಬುಗೆರೆ, ಎಲೆಯ ಹಳದಿ ಗುರುತಿಸಿ ಗಿಡಕ್ಕೆ ಗುರುತು ಹಾಕಬೇಕು. ಕಣ್ಣು ತಪ್ಪಿದರೆ ಒಂದು ಗಿಡದ ಹುಳು ಸುತ್ತಲಿನ ಗಿಡಗಳನ್ನು ತಿನ್ನುತ್ತದೆ. ಇದನ್ನು ಚೆನ್ನಾಗಿ ಮಾಡುವ ಹೆಂಗಸಿನ ಕೆಲಸವನ್ನು ನಾವು "ಹಗುರದ ಕೆಲಸ" ಎಂದು ಬರೆದುಕೊಳ್ಳುತ್ತೇವೆ. ಭಾರವನ್ನು ಬೆನ್ನಿನಿಂದ ಮಾತ್ರ ಅಳೆಯುವ ಈ ಲೆಕ್ಕ ನನಗಂತೂ ಸರಿಕಾಣುವುದಿಲ್ಲ.

ಒಂದು ಸ್ವಾರಸ್ಯವನ್ನೂ ಹೇಳಬೇಕು. ಹಣ್ಣು ಕುಯ್ಯುವಾಗ ಕಿಲೋ ಲೆಕ್ಕದಲ್ಲಿ ಕೊಡುತ್ತೇವೆ. ಆಗ ಎರಡು ದರ ತಾನಾಗಿಯೇ ಮಾಯವಾಗುತ್ತದೆ, ಏಕೆಂದರೆ ತಕ್ಕಡಿಗೆ ಗಂಡು ಹೆಣ್ಣು ತಿಳಿಯದು. ಗಂಡನಿಗಿಂತ ಹೆಂಡತಿಯ ಚೀಲ ಹೆಚ್ಚು ತೂಗುವುದೂ ಅಪರೂಪವಲ್ಲ. ಕುಯ್ಲು ಮುಗಿದು ದಿನಗೂಲಿ ಶುರುವಾದೊಡನೆ ಅದೇ ಹೆಂಗಸು ಮತ್ತೆ ಕಡಿಮೆ ಆಳಾಗುತ್ತಾಳೆ!

ಕಾನೂನಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸಮಾನ ಕೆಲಸಕ್ಕೆ ಸಮಾನ ವೇತನದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಮ್ಮ ದೇಶ 1958ರಲ್ಲೇ ಸಮ್ಮತಿ ಕೊಟ್ಟಿತು. 1975ರಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಸಮಾನ ವೇತನ ಕಾಯಿದೆ ಬಂದವು. 1987ರಲ್ಲಿ ಆಡ್ರಿ ಡಿಕೋಸ್ಟಾ ಎಂಬ ಸ್ಟೆನೋಗ್ರಾಫರ್‌ರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕೊಡಲು ಶಕ್ತಿಯಿಲ್ಲ ಎಂಬುದು ಮಾಲೀಕನಿಗೆ ನೆಪವಾಗದು ಎಂದು ತೀರ್ಪಿತ್ತಿತು. ಈಗ ಆ ಕಾಯಿದೆ 2019ರ ವೇತನ ಸಂಹಿತೆಯೊಳಗೆ ಸೇರಿದೆ. ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಒಂದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣೆಂದು ಭೇದ ಮಾಡಬಾರದು ಎಂಬ ನಿಯಮ ಅದರಲ್ಲೂ ಇದೆ. ಸಮಾನ ಮಾಡುತ್ತೇನೆಂದು ಗಂಡಾಳಿನ ಸಂಬಳ ಇಳಿಸುವುದಕ್ಕೂ ಅವಕಾಶವಿಲ್ಲ. ತೋಟ ಎರಡೇ ಎಕರೆಯದು ಎಂದು ಈ ನಿಯಮದಿಂದ ತಪ್ಪಿಸಿಕೊಳ್ಳಲಾಗದು ಎಂಬುದನ್ನು ಸದಸ್ಯರು ಗಮನಿಸಬೇಕು.

ದರಕ್ಕಿಂತ ಮರೆಯಲ್ಲಿರುವ ತೊಂದರೆ ಚೆಕ್‌ರೋಲಿನದು. ಗಂಡ ಹೆಂಡತಿ ಇಬ್ಬರೂ ಕುಯ್ದ ಹಣ್ಣನ್ನು ಒಟ್ಟಿಗೆ ತೂಗಿ, ಗಂಡನ ಹೆಸರಿಗೆ ಬರೆದು, ಶನಿವಾರ ಅವನ ಕೈಗೆ ಬಟವಾಡೆ ಮಾಡುವ ಪದ್ಧತಿ ಹಲವೆಡೆ ಇದೆ. ರೈಟರಿಗೆ ಒಂದು ಸಾಲು ಉಳಿತಾಯ, ಅಷ್ಟೆ. ಆ ಹಣದಲ್ಲಿ ಎಷ್ಟು ಮನೆಗೆ ತಲುಪುತ್ತದೆ, ಎಷ್ಟು ದಾರಿಯ ಅಂಗಡಿಯಲ್ಲೇ ಕರಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಡ ಪಡೆದವನು ಗಂಡ, ತೀರಿಸುವ ದುಡಿಮೆಯಲ್ಲಿ ಅರ್ಧ ಆಕೆಯದು. ಹೆಸರಿಲ್ಲದಿದ್ದರೆ ಇನ್ನೊಂದು ನಷ್ಟವೂ ಇದೆ. ಹೆರಿಗೆ ಭತ್ಯೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ ದಾಖಲೆ ಬೇಕು. 1961ರ ಕಾಯಿದೆಯ 12 ವಾರದ ರಜೆ 2017ರಲ್ಲಿ ಮೊದಲೆರಡು ಮಕ್ಕಳಿಗೆ 26 ವಾರವಾಯಿತು. ಆದರೆ ಇನ್ನೊಬ್ಬರ ಹೆಸರಿನಡಿ ಅಡಗಿಹೋದ ದಿನಗಳನ್ನು ಯಾವ ಅಧಿಕಾರಿಯೂ ಎಣಿಸಲಾರ.

ಇನ್ನು ಮಕ್ಕಳ ಪ್ರಶ್ನೆ. ತೋಟಕ್ಕೆ ಬರುವ ಮೊದಲೇ ನೀರು, ಸೌದೆ, ಅಡಿಗೆ, ಶಾಲೆಯ ಮಕ್ಕಳ ಬುತ್ತಿ ಆಕೆಯ ಪಾಲಿಗೆ ಮುಗಿದಿರುತ್ತವೆ. ಎಳೆಕೂಸಿದ್ದರೆ ಕೊಂಬೆಗೆ ಸೀರೆ ಕಟ್ಟಿ ತೂಗುಹಾಕುವುದು, ಸಾಲು ಮುಂದೆ ಹೋದಂತೆ ತೊಟ್ಟಿಲನ್ನೂ ಸಾಗಿಸುವುದು. ಕೆಂಜಿಗ, ಜಿಗಣೆ, ಹಾವು ಎಲ್ಲ ಇರುವ ಜಾಗ ಅದು. ಅಂಗನವಾಡಿಯಲ್ಲಿ ಕೂಡಿಸುವುದು ಮೂರು ವರ್ಷ ತುಂಬಿದ ಮೇಲೆ. 1951ರ ಪ್ಲಾಂಟೇಷನ್ ಕಾಯಿದೆ 50 ಹೆಣ್ಣಾಳು ಅಥವಾ 20 ಮಕ್ಕಳಿದ್ದ ಎಸ್ಟೇಟುಗಳಿಗೆ ಮಾತ್ರ ಶಿಶುಗೃಹ ಕಡ್ಡಾಯ ಮಾಡಿತ್ತು. ನಮ್ಮಂಥ ಸಣ್ಣವರು ಆ ಲೆಕ್ಕಕ್ಕೆ ಎಂದೂ ಬರಲಿಲ್ಲ. 2023-24ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯತಿಗಳಿಗೆ "ಕೂಸಿನ ಮನೆ" ಪ್ರಕಟಿಸಿತು. ನಿಮ್ಮ ಪಂಚಾಯತಿಯಲ್ಲಿ ಇದೆಯೇ ಎಂದು ವಿಚಾರಿಸಿ.

ಇಲ್ಲದಿದ್ದರೆ ನಾವೇ ಮಾಡಬಹುದಾದದ್ದೂ ಇದೆ. ಅಕ್ಕಪಕ್ಕದ ನಾಲ್ಕು ತೋಟದವರು ಕುಯ್ಲಿನ ಮೂರು ತಿಂಗಳು ಒಂದು ಹಳೆಯ ಗೋಡೌನನ್ನೋ ಲೈನುಮನೆಯ ಒಂದು ಕೋಣೆಯನ್ನೋ ಬಿಟ್ಟುಕೊಡಲಿ. ಬಗ್ಗಿ ದುಡಿಯಲಾಗದ, ಮಕ್ಕಳನ್ನು ಬಲ್ಲ ಹಿರಿಯ ಹೆಂಗಸು ಯಾವ ಲೈನಿನಲ್ಲಾದರೂ ಒಬ್ಬರು ಇದ್ದೇ ಇರುತ್ತಾರೆ. ಅವರ ಸಂಬಳವನ್ನು ನಾಲ್ವರು ಹಂಚಿಕೊಂಡರೆ ತಲೆಗೆ ಕಾಲು ಆಳು. ಕಾಲು ಆಳಿಗೆ ಹೆದರಿ ನಾಲ್ಕು ಆಳು ಕಳೆದುಕೊಳ್ಳುವವರನ್ನು ನೋಡಿದ್ದೇನೆ. ಆ ತೋಟಗಳಲ್ಲಿ ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರಿ, ಹೆಕ್ಕುವವರಿಲ್ಲದೆ, ಮುಂದಿನ ವರ್ಷದ ಕಾಯಿಕೊರಕಕ್ಕೆ ಬೀಜವಾಗುತ್ತದೆ. ವೇಳೆಯನ್ನೂ ಸ್ವಲ್ಪ ಸಡಿಲಿಸಬಹುದು. ಕಿಲೋ ಲೆಕ್ಕದಲ್ಲಿ ಕುಯ್ಯುವವಳು ಮಗುವನ್ನು ಶಾಲೆಗೆ ಬಿಟ್ಟು ಒಂಬತ್ತೂವರೆಗೆ ಬಂದರೆ ಮೇಸ್ತ್ರಿ ಗದರಿಸಿ ವಾಪಸು ಕಳಿಸುವುದರಲ್ಲಿ ಯಾರಿಗೆ ಲಾಭ? 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಪಟ್ಟಣದ ಅಂಗಡಿ, ಗಾರ್ಮೆಂಟ್ಸ್ ಈಗ ಅವರಿಗೆ ದೂರವಲ್ಲ.

ನಮ್ಮ ಮನೆಗಳ ಮಾತನ್ನೂ ಆಡದಿದ್ದರೆ ಪಕ್ಷಪಾತವಾದೀತು. ಅಡಿಕೆ ಸುಗ್ಗಿಯಲ್ಲಿ ಸುಲಿಯುವವರಿಗೆ ಕಾಫಿ, ತಿಂಡಿ, ಊಟ ನೋಡಿಕೊಂಡು, ಒಲೆಯ ಹದ ನೋಡಿ, ಮೋಡ ಕವಿದರೆ ಅಟ್ಟಕ್ಕೆ ಓಡುವ ಮನೆಯ ಹೆಂಗಸಿಗೆ ಯಾವ ಚೆಕ್‌ರೋಲಿನಲ್ಲೂ ಹೆಸರಿಲ್ಲ. ಪಹಣಿ ಯಜಮಾನರ ಹೆಸರಿನಲ್ಲಿ, ಆದ್ದರಿಂದ ಸಂಘದ ಷೇರೂ ಅವರದೇ. ಜಂಟಿ ಖಾತೆ ಮಾಡಿಸಲು ಮನಸ್ಸಿರುವ ಸದಸ್ಯರು ಕಚೇರಿಯಲ್ಲಿ ವಿಚಾರಿಸಬಹುದು.

ಚೆಕ್‌ರೋಲಿನ ಹೊಸ ನಮೂನೆಯೊಂದನ್ನು ಅಚ್ಚು ಹಾಕಿಸಿದ್ದೇವೆ. ಅದರಲ್ಲಿ ಪ್ರತಿ ಆಳಿಗೂ ಪ್ರತ್ಯೇಕ ಸಾಲು, ಪ್ರತ್ಯೇಕ ತೂಕ, ಅವರವರದೇ ರುಜು ಅಥವಾ ಹೆಬ್ಬೆಟ್ಟು. ದರದ ಕಲಮು ಕೆಲಸದ ಹೆಸರಿನ ಎದುರಿಗಿದೆ, ಆಳಿನ ಹೆಸರಿನ ಎದುರಿಗಲ್ಲ. ಗೊಬ್ಬರಕ್ಕೆ ಬಂದಾಗ ಪುಸ್ತಕ ಕೇಳಿ ಪಡೆಯಿರಿ. ತುಂಬುವ ಕ್ರಮ ತಿಳಿಯದಿದ್ದರೆ ನಿಮ್ಮ ರೈಟರನ್ನೋ ಮೇಸ್ತ್ರಿಯನ್ನೋ ಒಂದು ಮಧ್ಯಾಹ್ನ ಕಳಿಸಿ, ತೋರಿಸಿಕೊಡುತ್ತೇವೆ.