ನೋವನ್ನು ತಡೆಯುವ ನಂಜು

ಫಿಲಿಪ್ಪೀನ್ಸಿನ ಕಡಲಿನಲ್ಲಿ ದೊರೆಯುವ ಶಂಕುವಿನಾಕಾರದ ಚಿಪ್ಪುಗಳ ಚೆಲುವಿಗೆ ಮರುಳಾಗದವರು ವಿರಳ. ಆದರೆ ಒಳಗೆ ಹುಳು ಜೀವಂತವಾಗಿದ್ದರೆ ಎಚ್ಚರಿಕೆ! ಈಜಲಾರದ ಈ ಬಸವನಹುಳುಗಳಲ್ಲಿ ಕೆಲವು ಮೀನನ್ನೇ ಬೇಟೆಯಾಡುತ್ತವೆ. ಈಟಿಯಂತಹ ಟೊಳ್ಳುಹಲ್ಲಿನಿಂದ ನಂಜು ಹೊಕ್ಕೊಡನೆ ಮೀನು ಮರಗಟ್ಟುತ್ತದೆ. ‘ಜಿಯಾಗ್ರಫಸ್’ ಎಂಬ ಪ್ರಭೇದಕ್ಕೆ ಮನುಷ್ಯರೂ ಬಲಿಯಾಗಿದ್ದಾರೆ; ಅದಕ್ಕೆ ಪ್ರತಿವಿಷವಿಲ್ಲ.

ಅಮೆರಿಕದಲ್ಲಿ ಓದಿ ತಾಯ್ನಾಡಿಗೆ ಮರಳಿದ ವಿಜ್ಞಾನಿ ಬಾಲ್ಡೊಮೆರೊ ಒಲಿವೆರಾ ಅವರಿಗೆ ಅಲ್ಲಿ ಬೆಲೆಬಾಳುವ ಉಪಕರಣಗಳು ದೊರೆಯಲಿಲ್ಲ. ಸುಲಭವಾಗಿ ಸಿಕ್ಕುವ ಈ ಹುಳುವಿನ ನಂಜನ್ನೇ ಅವರು ಶೋಧನೆಗೆ ಆರಿಸಿಕೊಂಡರು. ಸೌಕರ್ಯವಿದ್ದಿದ್ದರೆ ಇದರತ್ತ ತಿರುಗಿ ನೋಡುತ್ತಿದ್ದರೋ ಇಲ್ಲವೋ! ಮುಂದೆ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಮೈಕೇಲ್ ಮೆಕಿಂತಾಷ್, ‘ಮೇಗಸ್’ ಎಂಬ ಪ್ರಭೇದದ ನಂಜಿನಿಂದ 25 ಅಮೈನೊ ಆಮ್ಲಗಳ ಪೆಪ್ಟೈಡೊಂದನ್ನು ಬೇರ್ಪಡಿಸಿದರು. ಬೆನ್ನುಹುರಿಯಲ್ಲಿ ನೋವಿನ ಸುದ್ದಿ ನರದಿಂದ ನರಕ್ಕೆ ದಾಟಲು ಬೇಕಾದ ಕ್ಯಾಲ್ಸಿಯಂ ದ್ವಾರಗಳನ್ನು ಅದು ಮುಚ್ಚಿಬಿಡುತ್ತದೆ.

ಅದನ್ನೇ ಕೃತಕವಾಗಿ ತಯಾರಿಸಿದ ‘ಜಿಕೊನೊಟೈಡ್’ ಔಷಧಕ್ಕೆ 2004ರಲ್ಲಿ ಅಮೆರಿಕ ಸರ್ಕಾರದ ಅನುಮತಿ ದೊರೆಯಿತು. ಮಾರ್ಫೀನಿನಂತೆ ಇದು ಚಟ ಹಿಡಿಸದು. ಆದರೆ ಇದು ನುಂಗುವ ಗುಳಿಗೆಯಲ್ಲ; ಬೆನ್ನುಹುರಿಯ ಸುತ್ತಣ ದ್ರವಕ್ಕೇ ಪಂಪಿನ ಮೂಲಕ ಅತ್ಯಲ್ಪ ಪ್ರಮಾಣದಲ್ಲಿ ಹರಿಸಬೇಕು. ಕೆಲವರಿಗೆ ತಲೆ ಸುತ್ತುತ್ತದೆ, ಮತಿಭ್ರಮೆಯೂ ಉಂಟಾಗುವುದುಂಟು. ಆದುದರಿಂದ ಬೇರೆ ಮದ್ದುಗಳೆಲ್ಲ ಸೋತು, ತಡೆಯಲಾರದ ನೋವಿನಿಂದ ನರಳುವ ರೋಗಿಗಳಿಗಷ್ಟೇ ವೈದ್ಯರು ಇದನ್ನು ಕೊಡುತ್ತಾರೆ.