ಗಂಟುನೋವಿಗೆ ಆಲಿವ್ ಎಣ್ಣೆ, ಅರಿಶಿನ: ಎಷ್ಟು ನಂಬಬಹುದು?

ಮೊಣಗಂಟು ನೋವಿಲ್ಲದ ಹಿರಿಯರು ನಮ್ಮ ಮನೆಗಳಲ್ಲಿ ಕಡಿಮೆ. ನೋವಿನ ಮಾತ್ರೆ ನುಂಗಿದರೆ ಹೊಟ್ಟೆ ಉರಿ, ತುಂಬಾ ದಿನ ನುಂಗಿದರೆ ಕಿಡ್ನಿಗೆ ಪೆಟ್ಟು. ಹಾಗಾಗಿ "ಅರಿಶಿನದ ಕ್ಯಾಪ್ಸೂಲ್ ತಗೊಳ್ಳಿ, ಏನೂ ತೊಂದರೆ ಇಲ್ಲ" ಅಂದರೆ ಎಲ್ಲರಿಗೂ ಹಿಡಿಸುತ್ತದೆ. ಅದರಲ್ಲಿ ನಿಜ ಎಷ್ಟುಂಟು, ನೋಡುವ.

ದೇಹದಲ್ಲಿ ಪೆಟ್ಟಾದ ಕಡೆ ಕಾಕ್ಸ್-2 ಎಂಬ ಕಿಣ್ವ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತು ತಯಾರಿಸುತ್ತದೆ. ಊತ, ನೋವು ಬರುವುದರಲ್ಲಿ ಇದರ ಪಾಲು ದೊಡ್ಡದು. ಐಬುಪ್ರೊಫೆನ್ ಮಾತ್ರೆ ತಡೆಯುವುದು ಈ ಕಿಣ್ವವನ್ನು. ಜೊತೆಗೆ ಹೊಟ್ಟೆಯ ಒಳಪದರ ಕಾಯುವ ಕಾಕ್ಸ್-1 ಅನ್ನೂ ತಡೆಯುತ್ತದೆ. ಉರಿ ಬರುವುದು ಅದಕ್ಕೇ.

ಗಲ್ಫಿನಿಂದ ಬಂದ ಆಲಿವ್ ಎಣ್ಣೆಯ ಬಾಟಲಿ ಹಲವು ಮನೆಗಳಲ್ಲಿ ತಲೆಗೆ ಹಚ್ಚುವುದರಲ್ಲೇ ಮುಗಿಯುತ್ತದೆ. ಅಮೆರಿಕದ ವಿಜ್ಞಾನಿ ಗ್ಯಾರಿ ಬ್ಯೂಚಾಂಪ್ ಇಟಲಿಯ ಸಿಸಿಲಿಯಲ್ಲಿ ತಾಜಾ ಆಲಿವ್ ಎಣ್ಣೆ ರುಚಿ ನೋಡಿದಾಗ ಗಂಟಲು ಚುರ್ ಅಂದಿತು. ದ್ರವ ಐಬುಪ್ರೊಫೆನ್ ಕುಡಿದಾಗಲೂ ಅದೇ ಚುರುಕು ಎಂದು ಅವರಿಗೆ ಗೊತ್ತಿತ್ತು. 2005ರಲ್ಲಿ ಅವರ ತಂಡ ಎಣ್ಣೆಯಲ್ಲಿನ ಓಲಿಯೋಕ್ಯಾಂಥಾಲ್ ಕೂಡ ಕಾಕ್ಸ್ ಕಿಣ್ವಗಳನ್ನು ತಡೆಯುತ್ತದೆ ಎಂದು ತೋರಿಸಿತು. ಆದರೆ ಲೆಕ್ಕ ಕೇಳಿ: ದಿನಕ್ಕೆ 50 ಮಿ.ಲೀ. ಕುಡಿದರೂ ಸಿಗುವುದು ಐಬುಪ್ರೊಫೆನ್ ಡೋಸಿನ ಸುಮಾರು 10 ಶೇಕಡಾ ಮಾತ್ರ. ಇವತ್ತಿನ ನೋವಿಗೆ ಅದು ಸಾಲದು. ಗಂಟಲು ಚುರುಕಾಗುವ ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಇದ್ದರೆ ಊಟಕ್ಕೆ ಬಳಸಿ. ರಿಫೈನ್ಡ್ ಎಣ್ಣೆಯಲ್ಲಿ ಆ ಗುಣ ಉಳಿಯುವುದಿಲ್ಲ.

ಬೂತಾಯಿ, ಬಂಗುಡೆಯ ಒಮೆಗಾ-3 ಕೊಬ್ಬಿನದು ಬೇರೆ ದಾರಿ. ಉರಿಯೂತದ ವಸ್ತು ತಯಾರಾಗಲು ಕಿಣ್ವಕ್ಕೆ ಬೇಕಾದ ಕೊಬ್ಬಿನ ಜಾಗವನ್ನು ಇದು ಹಿಡಿಯುತ್ತದೆ. ಗಸಿ ಮಾಡಿದರೆ ಆ ಕೊಬ್ಬು ಸಾರಿನಲ್ಲೇ ಉಳಿಯುತ್ತದೆ, ಕಾವಲಿಗೆ ಹೋಗುವುದಿಲ್ಲ.

ಅರಿಶಿನದ ಕರ್ಕ್ಯುಮಿನ್ ಪ್ರಯೋಗಶಾಲೆಯಲ್ಲಿ ಕಾಕ್ಸ್-2 ಅನ್ನು ತಗ್ಗಿಸುತ್ತದೆ. ಆದರೆ ತಿಂದದ್ದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಕರಿಮೆಣಸಿನ ಪೈಪರಿನ್ ಕೊಟ್ಟಾಗ ರಕ್ತ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಕ್ಯಾಪ್ಸೂಲ್ ಮಾರುವವರು ಹಿಡಿದದ್ದು ಈ ಸೂತ್ರವನ್ನೇ. ಇಂಥ ಕ್ಯಾಪ್ಸೂಲ್ ತಿಂದು ಲಿವರ್ ಕೆಟ್ಟವರು ಇಟಲಿ, ಅಮೆರಿಕದಲ್ಲಿ ಇದ್ದಾರೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ ಇದು, ಹೆದರಬೇಡಿ.

ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಡಾಕ್ಟರಿಗೆ ಹೇಳದೆ ಅರಿಶಿನದ ಕ್ಯಾಪ್ಸೂಲ್, ಮೀನೆಣ್ಣೆ ಗುಳಿಗೆ ಶುರು ಮಾಡಬಾರದು. ರಕ್ತಸ್ರಾವದ ಅಪಾಯ ಹೆಚ್ಚಬಹುದು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಉಮ್ಮನ ಚೀಟಿಯ ಜೊತೆ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ.